ಒಂದು ಹನಿಯೂ ಒಳಗೆ ಹೋಗದ ಕಂಪ್ಯೂಟರು

ಮಳೆಗಾಲದಲ್ಲಿ ಅರವತ್ತೊಂದು ದಿನ ಮೀನು ಹಿಡಿಯಬಾರದು ಎಂದು ಆದೇಶ ಹೊರಡಿಸುವ ಸರಕಾರ, ಆ ಅರವತ್ತೊಂದು ದಿನ ಮೀನುಗಾರ ಮನೆಯಲ್ಲಿ ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಯಾವ ಆದೇಶದಲ್ಲೂ ಬರೆಯುವುದಿಲ್ಲ. ಇದು ಕಿರಿಮಂಜೇಶ್ವರದ ರತ್ನಾಕರನ ಇಪ್ಪತ್ತು ವರ್ಷದ ದೂರು. ಗಂಗೊಳ್ಳಿಯಿಂದ ಹೊರಡುವ ದೊಡ್ಡ ಬೋಟೊಂದಕ್ಕೆ ಅವನು ತಾಂಡೇಲ. ಇಪ್ಪತ್ತೆಂಟು ಜನ ಅವನ ಒಂದು ಕೂಗಿಗೆ ಬಲೆ ಬಿಡುತ್ತಾರೆ, ಇನ್ನೊಂದು ಕೂಗಿಗೆ ಎಳೆಯುತ್ತಾರೆ. ನೀರಿನ ಬಣ್ಣ ನೋಡಿ ಕೆಳಗಿರುವುದು ಬಂಗುಡೆಯೋ ಬೈಗೆಯೋ ಎಂದು ಹೇಳುವ ಕಣ್ಣು ಅವನದು. ಅಂಥ ಮಹಾನುಭಾವ ಜೂನ್ ಒಂದಕ್ಕೆ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತರೆ, "ಹ್ವಾಯ್, ಕಾಲ್ ಎತ್ತಿ, ನೆಲ ಒರ್ಸುಕಿತ್" ಎನ್ನುತ್ತಾಳೆ ಹೆಂಡತಿ ಶರ್ಮಿಳಾ. ಜಗಲಿಗೆ ಹೋದರೆ ಅಲ್ಲಿ ಅವಳ ಒಣಮೀನಿನ ಚೀಲಗಳು ಮೊದಲೇ ಕುಳಿತಿರುತ್ತವೆ. ಅಡುಗೆಮನೆಗೆ ಹೋದರೆ, "ಇಲ್ಲೆಂತ ಕೆಲ್ಸ ನಿಮ್ಗೆ?" (ಈ ಪ್ರಶ್ನೆಗೆ ಸರಿಯುತ್ತರ ಕೊಟ್ಟ ಗಂಡಸು ಬೈಂದೂರಿನಿಂದ ಬ್ರಹ್ಮಾವರದ ತನಕ ಇನ್ನೂ ಹುಟ್ಟಿಲ್ಲ.)

ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮಗಳು ಪ್ರೇಕ್ಷಾಳ ಕೋಣೆಯ ಮುಚ್ಚಿದ ಬಾಗಿಲು. ಹತ್ತು ತಿಂಗಳು ನೀರಿನ ಮೇಲಿದ್ದು ಬರುವ ಅಪ್ಪನಿಗೆ ಅವಳು ಪ್ರತಿ ಜೂನಿನಲ್ಲೂ ಎರಡು ಇಂಚು ಎತ್ತರವಾಗಿ, ಇನ್ನೂರು ಮಾತು ಕಡಿಮೆಯಾಗಿ ಸಿಗುತ್ತಿದ್ದಳು. ಈ ವರ್ಷ ಪಿಯುಸಿ ಮುಗಿಸಿ ಕುಂದಾಪುರದ ಕಾಲೇಜಿಗೆ ಸೇರುವವಳು. ಊಟ ಆಯಿತಾ ಎಂದರೆ ತಲೆಯಾಡಿಸುತ್ತಾಳೆ, ಬೇಡವಾ ಎಂದರೂ ಅದೇ ತಲೆ ಅದೇ ರೀತಿ ಆಡುತ್ತದೆ. ರತ್ನಾಕರನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆಗಸ್ಟಿನಲ್ಲಿ ಬೋಟು ಹೊರಟರೆ ಮುಂದಿನ ಜೂನಿಗೆ ಇವಳು ತನ್ನನ್ನು ನೆಂಟರ ಲೆಕ್ಕಕ್ಕೆ ಸೇರಿಸಿ ಕಾಫಿ ತಂದುಕೊಟ್ಟರೆ ಏನು ಗತಿ? ಈ ಎರಡು ತಿಂಗಳೊಳಗೆ ಮಗಳನ್ನು ಮಾತಿಗೆ ಎಳೆಯಲೇಬೇಕೆಂದು ಅವನು ಹಟ ಹಿಡಿದ.

"ಮಗ್ಳಿಗ್ ಕಂಪ್ಯೂಟರ್ ಬೇಕಂಬ್ರ್, ಗೇಮ್ ಆಡುಕೆ. ಮೊಬೈಲಗೆ ಆಡಿ ಆಡಿ ಕಣ್ಣೇ ಹೋತ್ ಅಂತ್" ಎಂದು ಶರ್ಮಿಳಾ ಒಣಮೀನು ಆರಿಸುತ್ತಲೇ ಸುದ್ದಿ ಕೊಟ್ಟಳು.

ಬೇರೆ ಅಪ್ಪನಾಗಿದ್ದರೆ ಗೇಮು ಎಂಬ ಶಬ್ದ ಕೇಳಿಯೇ ಪ್ರವಚನ ಸುರುಮಾಡುತ್ತಿದ್ದ. ರತ್ನಾಕರನ ತಲೆಯಲ್ಲಿ ಮಾತ್ರ ದೀಪ ಹತ್ತಿತು. ಸಿದ್ಧವಾದದ್ದನ್ನು ಅಂಗಡಿಯಿಂದ ಹೊತ್ತು ತಂದರೆ ಒಂದೇ ದಿನದ ಸಂಬಂಧ. ಬಿಡಿಬಿಡಿಯಾಗಿ ಆರಿಸಿ, ತಂದು, ಕೂತು ಕಟ್ಟಿದರೆ? ಅಪ್ಪ ಮಗಳು ಒಂದು ಮಳೆಗಾಲ ಇಡೀ ಎದುರುಬದುರು ಕೂರಬಹುದು. ಅವನು ಹೋಗಿ ಬಾಗಿಲು ತಟ್ಟಿದ.

"ಮಗಾ, ಕಂಪ್ಯೂಟರ್ ತಕಂಬ. ಆರೆ ಕಟ್ಟಿದ್ದ್ ಬ್ಯಾಡ. ಬಿಡಿ ಸಾಮಾನ್ ತಂದ್ ನಾವೇ ಕಟ್ಟುವ."

ಬಾಗಿಲು ತೆರೆಯಿತು. "ಅದ್ರೊಳ್ಗ್ ಎಂತೆಂತ ಇರ್ತ್ ಅಂದೇಳಿ ನಿಮ್ಗ್ ಗೊತ್ತಿತ್ತಾ ಅಪ್ಪಯ್ಯ?"

"ಬೋಟ್ ಕಟ್ಸುದ್ ಗೊತ್ತಿತ್. ಎಲ್ಲ ಒಂದೇ."

ಅವಳು ಕಾಗದ ಪೆನ್ನು ತಂದು ನೆಲದ ಮೇಲೆ ಕುಳಿತಳು. ಚಿತ್ರವನ್ನೆಲ್ಲ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್, ಗೇಮಿಗೆ ಮುಖ್ಯ ಅದೇ ಎಂದಳು. "ಹಾಂಗಾರೆ ಅದ್ ಇಂಜಿನ್" ಎಂದ ಅಪ್ಪ. ಒಂದೇ ಸಲಕ್ಕೆ ಎಷ್ಟು ಕೆಲಸ ಹರಡಿಕೊಳ್ಳಬಹುದು ಎಂಬುದು ರ‍್ಯಾಮ್ ಎಂದಳು. "ಡೆಕ್. ಡೆಕ್ ಸಣ್ಣದಾರೆ ಬಲೆ ಹರ್ಗುಕೆ ಜಾಗ ಇಲ್ಲೆ, ದೊಡ್ಡದೇ ಬೇಕ್." ಕರೆಂಟು ಹಂಚುವ ಡಬ್ಬಿಯಲ್ಲಿ ಮಾತ್ರ ಉಳಿತಾಯ ಮಾಡಬಾರದು, ಅಗ್ಗದ್ದು ಹಾಕಿದರೆ ಎಲ್ಲವನ್ನೂ ಸುಟ್ಟುಕೊಂಡು ಹೋಗುತ್ತದೆ ಎಂದಳು. ಕಲಬೆರಕೆ ಡೀಸೆಲ್ ತುಂಬಿಸಿ ನಡುಸಮುದ್ರದಲ್ಲಿ ನಿಂತುಬಿಟ್ಟ ಬೋಟೊಂದರ ಕಥೆಯನ್ನು ಅವನು ಹೇಳಿದ. ಆ ಒಂದು ಬೆಳಿಗ್ಗೆ ಪ್ರೇಕ್ಷಾ ಆಡಿದ ಮಾತು ಕಳೆದ ಎರಡು ಜೂನ್‌ಗಳನ್ನು ಕೂಡಿಸಿದರೂ ಆಗುತ್ತಿರಲಿಲ್ಲ. ರತ್ನಾಕರ ಒಳಗೊಳಗೇ ಉಬ್ಬಿದ.

ಇನ್ನು ಬಜೆಟ್ಟು. ಮಳೆಗಾಲಕ್ಕೆಂದು ತೆಗೆದಿಟ್ಟದ್ದರಲ್ಲಿ, ಶರ್ಮಿಳಾ ಎಂಬ ಹಣಕಾಸು ಸಚಿವಾಲಯ ಎರಡು ದಿನದ ಸಂಧಾನದ ಬಳಿಕ ಮಂಜೂರು ಮಾಡಿದ್ದು ನಲವತ್ತು ಸಾವಿರ. ಅದರ ಮೇಲೆ ಒಂದು ರೂಪಾಯಿ ಕೇಳಿದರೂ ಆಗಸ್ಟ್ ತನಕ ಸಾರಿಗೆ ಮೀನು ಬೀಳುವುದಿಲ್ಲ ಎಂಬ ಷರತ್ತು ಬೇರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಪ್ರೇಕ್ಷಾಳ ಪಟ್ಟಿಯ ಕಾಲು ಮಾತ್ರ ಹಾಸಿಗೆ ದಾಟಿ ಪಕ್ಕದ ಮನೆಯ ಅಂಗಳದಲ್ಲಿತ್ತು.

ಅಪ್ಪ ಮಗಳು ಬಸ್ಸು ಹತ್ತಿ ಕುಂದಾಪುರಕ್ಕೆ ಹೋದರು. ರೋಷನ್ ಎಂಬ ಹುಡುಗನ ಕಂಪ್ಯೂಟರ್ ಅಂಗಡಿ. ಮೀನು ಮಾರ್ಕೆಟ್ಟಿನ ವ್ಯಾಪಾರ ಹೇಗೆಂದು ರತ್ನಾಕರನಿಗೆ ಯಾರೂ ಕಲಿಸಬೇಕಾಗಿಲ್ಲ. ಬೆಲೆ ಕೇಳಬೇಕು, ಕೇಳಿ ನಗಬೇಕು, ಬೇಡವೆಂದು ಹತ್ತು ಹೆಜ್ಜೆ ನಡೆಯಬೇಕು, ಹನ್ನೊಂದನೆಯ ಹೆಜ್ಜೆಗೆ ಅವರೇ ಕರೆಯುತ್ತಾರೆ. ಅವನು ಮದರ್‌ಬೋರ್ಡಿನ ಬೆಲೆ ಕೇಳಿದ, ನಕ್ಕ, ಮಳೆಯಲ್ಲೇ ಹತ್ತು ಹೆಜ್ಜೆ ನಡೆದ. ಯಾರೂ ಕರೆಯಲಿಲ್ಲ. ಹದಿನೈದಾಯಿತು, ಇಪ್ಪತ್ತಾಯಿತು. ತಿರುಗಿ ನೋಡಿದರೆ ರೋಷನ್ ಇನ್ನೊಬ್ಬ ಗಿರಾಕಿಗೆ ಪ್ರಿಂಟರ್ ತೋರಿಸುತ್ತಿದ್ದ, ಪ್ರೇಕ್ಷಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ಇಪ್ಪತ್ತು ಹೆಜ್ಜೆಯನ್ನೂ ಅವನೇ ತಿರುಗಿ ನಡೆದು ಬಂದ, ಅಂಗಿ ಪೂರ್ತಿ ಒದ್ದೆ.

ಆದರೆ ಹಳೆಯ ಗ್ರಾಫಿಕ್ಸ್ ಕಾರ್ಡು ನೋಡುವಾಗ ತಾಂಡೇಲನ ಕಣ್ಣು ಕೆಲಸ ಮಾಡಿತು. ಹೊಸದಕ್ಕೆ ಕೈ ಹಾಕುವಂತಿರಲಿಲ್ಲವಾದ್ದರಿಂದ ರೋಷನ್ ಒಂದು ಸೆಕೆಂಡ್ ಹ್ಯಾಂಡ್ ಕಾರ್ಡು ತೆಗೆದ. "ಒಂದೇ ವರ್ಷ ಆದ್ದ್ ಅಂಕಲ್, ಶಿವಮೊಗ್ಗದ ಪಾರ್ಟಿದ್."

ರತ್ನಾಕರ ಅದನ್ನು ಬೆಳಕಿಗೆ ಹಿಡಿದು, ಹೊರಳಿಸಿ, ಸ್ಕ್ರೂಗಳನ್ನು ಉಗುರಿನಿಂದ ಕೆರೆದ. "ಶಿವಮೊಗ್ಗದಗೆ ಕಡ್ಲ್ ಯಾವಾಗ ಬಂತ್ ಮಾರಾಯ? ಇದ್ ಉಪ್ಪಿನ್ ಗಾಳಿ ತುಕ್ಕ್. ಎರಡ್ ಮಳ್ಗಾಲ ಕಡ್ಲ್ ಬದಿಯಗೆ ಇದ್ದ್ ಮಾಲ್."

ರೋಷನ್‌ನ ಮುಖ ಇಳಿಯಿತು, ಬೆಲೆಯೂ ಇಳಿಯಿತು. ಮಗಳು ಅಪ್ಪನ ಕಡೆಗೆ ನೋಡಿದ ನೋಟದಲ್ಲಿ ಸಣ್ಣದೊಂದು ಗೌರವವಿತ್ತು. ಅದೊಂದಕ್ಕೆ ಅವನು ಇನ್ನೂ ನಲವತ್ತು ಹೆಜ್ಜೆ ಮಳೆಯಲ್ಲಿ ನಡೆಯಲು ತಯಾರಿದ್ದ.

ಇಷ್ಟಾದರೂ ಕೊನೆಗೆ ಮೂರೂವರೆ ಸಾವಿರ ಹೆಚ್ಚಾಯಿತು. ರ‍್ಯಾಮ್ ಅರ್ಧ ಮಾಡಿದರೆ ಗೇಮು ತಡವರಿಸುತ್ತದೆ. ಮಾನಿಟರ್ ಆಗಲೇ ಹಳೆಯದು. ಕರೆಂಟಿನ ಡಬ್ಬಿ ಮುಟ್ಟುವಂತಿಲ್ಲ. ಪಟ್ಟಿಯಲ್ಲಿ ಉಳಿದದ್ದು ಕ್ಯಾಬಿನೆಟ್.

"ಇದೆಂತ?"

"ಎಲ್ಲ ಇಡು ಡಬ್ಬಿ" ಎಂದ ರೋಷನ್.

"ಡಬ್ಬಿಗೆ ಮೂರೂವರಿ ಸಾವ್ರವಾ? ನನ್ ಭಾವ ಬೋಟ್ ಕಟ್ಟವ ಮಾರಾಯ, ಒಂದ್ ಡಬ್ಬಿ ಮಾಡುಕೆ ಆತಿಲ್ಯಾ ಅವ್ನಿಗೆ?"

ಭಾವ ಎಂದರೆ ಶರ್ಮಿಳಾಳ ಅಣ್ಣ ಉಮಾನಾಥ. ಹಂಗಾರಕಟ್ಟೆಯಲ್ಲಿ ಬೋಟು ಕಟ್ಟುವವನು. ಪ್ರೇಕ್ಷಾ ಅಳತೆ ಹಾಕಿ ನಕ್ಷೆ ಬರೆದಳು. ಹಿಂಬದಿಗೆ ಆರಾರರ ನಾಲ್ಕು ಸಾಲಿನಲ್ಲಿ ಇಪ್ಪತ್ತನಾಲ್ಕು ಸಣ್ಣ ಸೊನ್ನೆಗಳನ್ನೂ ಹಾಕಿದಳು. ಅದರ ಫೋಟೋ ಮಾವನ ಮೊಬೈಲಿಗೆ ಹೋಯಿತು.

ಆರನೆಯ ದಿನ ಉಮಾನಾಥ ಗೂಡ್ಸ್ ರಿಕ್ಷಾದಲ್ಲಿ ಪೆಟ್ಟಿಗೆಯೊಂದಿಗೆ ಬಂದ. ಜಗಲಿಯಲ್ಲಿಟ್ಟು ಗೋಣಿ ಬಿಚ್ಚಿದ. ಹೆಬ್ಬಲಸಿನ ಹಲಗೆ, ನೀಲಿ ಬಣ್ಣ, ಅಂಚಿಗೆ ಕೆಂಪು ಪಟ್ಟಿ, ಎದುರಿಗೆ ಬೋಟಿಗೆ ಬರೆಯುವ ಹಾಗೆ ಬಿಳಿ ಅಕ್ಷರದಲ್ಲಿ 'ಪ್ರೇಕ್ಷಾ' ಎಂದು ಹೆಸರು. ಸಂದಿಗಳಿಗೆಲ್ಲ ಹತ್ತಿ ತುರುಕಿ ಮೇಲೆ ರಾಳ ಹಾಕಿದ್ದ. ವಯರು ಹೋಗಲು ಬಿಟ್ಟ ಒಂದೇ ಒಂದು ಕಿಂಡಿಗೂ ರಬ್ಬರು ಬಿಗಿದಿದ್ದ.

"ಎರಡ್ ದಿನ ಹೊಳಿಗ್ ಬಿಟ್ಟಿದ್ದೆ. ಒಂದ್ ಹನಿ ನೀರ್ ಒಳ್ಗ್ ಹೋಯ್ಲಿಲ್ಲೆ ಕಾಣಿ" ಎಂದ ಉಮಾನಾಥ. ಪೆಟ್ಟಿಗೆಯ ಬೆನ್ನನ್ನು ಸೋದರ ಸೊಸೆಯ ಕಡೆಗೆ ತಿರುಗಿಸಿದ. "ನೀನ್ ಗುರ್ತ್ ಹಾಕಿದಲ್ಲೇ ಹೊಡ್ದಿದೆ ಮಗಾ, ಇಪ್ಪತ್ನಾಕೂ ತಾಮ್ರದ್ ಮೊಳೆ. ಕಬ್ಣದ್ ಆರೆ ತುಕ್ಕ್ ಹಿಡಿತ್."

ಪ್ರೇಕ್ಷಾ ಬಾಯಿ ತೆರೆದಳು. ಥಳಥಳಿಸುವ ಮೊಳೆಗಳನ್ನು ನೋಡಿದಳು, ತನ್ನ ಹೆಸರನ್ನು ನೋಡಿದಳು, ಮಾವನ ಮುಖ ನೋಡಿದಳು. ಬಾಯಿ ಮುಚ್ಚಿ, "ಲಾಯ್ಕ್ ಇತ್ ಮಾವ" ಎಂದಳು. ಹುಡುಗಿಗೆ ಸಂತೋಷದಿಂದ ಮಾತೇ ಹೊರಡುತ್ತಿಲ್ಲ ಎಂದುಕೊಂಡ ರತ್ನಾಕರ.

ಮೂರು ದಿನ ಅಪ್ಪ ಮಗಳು ನೆಲದ ಮೇಲೆ ಕುಳಿತು ಕಂಪ್ಯೂಟರು ಕಟ್ಟಿದರು. ಅವಳು ಮೊಬೈಲು ನೋಡಿ ಹೇಳುವುದು, ಅವನು ಸ್ಕ್ರೂ ತಿರುಗಿಸುವುದು. ಗುಂಡಿ ಒತ್ತಿದಾಗ ಪರದೆಯ ಮೇಲೆ ಬೆಳಕು ಬಂತು. ಶರ್ಮಿಳಾ ಕೈಮುಗಿದು ಪೆಟ್ಟಿಗೆಗೆ ಕುಂಕುಮ ಇಟ್ಟಳು. ಪ್ರೇಕ್ಷಾ ಪೆಟ್ಟಿಗೆಯನ್ನು ಕೋಣೆಗೆ ಒಯ್ದು, ಗೋಡೆಗೆ ಬೆನ್ನು ಮಾಡಿ ಇಟ್ಟು, ಬಾಗಿಲು ಮುಚ್ಚಿಕೊಂಡಳು. ರತ್ನಾಕರ ಜಗಲಿಯ ಚೀಲಗಳ ನಡುವೆ ಒಂಟಿಯಾಗಿ ಕುಳಿತ. ನಲವತ್ತು ಸಾವಿರ ಕೊಟ್ಟು ಇನ್ನೂ ಗಟ್ಟಿಯಾದ ಬಾಗಿಲನ್ನು ತಂದುಕೊಂಡೆನಲ್ಲ ಎಂದು ಅವನಿಗೆ ಅಳುವೇ ಬಂತು.

ಹದಿನೈದು ನಿಮಿಷಕ್ಕೆ ಬಾಗಿಲು ತೆರೆಯಿತು.

"ಬಂದ್ ಆಯ್ತ್ ಅಪ್ಪಯ್ಯ. ಬಿಸಿ ಆಯ್ತ್ ಕಾಣ್ತ್. ಅರ್ಧ ಗಂಟಿ ಬಿಡ್ಕ್" ಎಂದು ಪ್ರೇಕ್ಷಾ ಬಂದು ಪಕ್ಕದಲ್ಲಿ ಕುಳಿತಳು. ಮಾಡಲು ಬೇರೆ ಕೆಲಸವಿಲ್ಲದೆ ಮಾತಾಡಿದಳು. ಅರ್ಧ ಗಂಟೆಯಾದ ಮೇಲೆ ಒಳಗೆ ಹೋದಳು. ಕಾಲು ಗಂಟೆಗೆ ಮತ್ತೆ ಬಂದಳು, ಮತ್ತೆ ಮಾತಾಡಿದಳು.

ಎರಡನೆಯ ದಿನ ರತ್ನಾಕರ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟ. ಇಟ್ಟದ್ದೇ ತಡ, ವಿಷಯ ತಿಳಿಯಿತು. ಇಂಜಿನ್ ಕೋಣೆಗೆ ಗಾಳಿ ಇಲ್ಲದಿದ್ದರೆ ಏನಾಗುತ್ತದೆಂದು ಮೊದಲ ವರ್ಷದ ಕಲಾಸಿಗೂ ಗೊತ್ತು. ನೀರು ಹೋಗದ ಕಡೆ ಗಾಳಿಯಾದರೂ ಎಲ್ಲಿಂದ ಹೋಗಬೇಕು? ನಾಲ್ಕು ತೂತು ಕೊರೆದರೆ ಮುಗಿಯಿತು. ಹೇಳಲೆಂದು ಬಾಯಿ ತೆರೆದ. ಆಗ ಪ್ರೇಕ್ಷಾ ಅವನ ಮೊಣಕಾಲಿಗೆ ಒರಗಿ ಗೆಳತಿ ಚೇತನಾಳ ಕಥೆ ಹೇಳುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡ.

ಹೀಗೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಲು ಸುರುಮಾಡಿತು. ಆ ಅರ್ಧರ್ಧ ಗಂಟೆಗಳಲ್ಲಿ ಅವನಿಗೆ ಎಷ್ಟೋ ತಿಳಿಯಿತು. ಆಟದಲ್ಲಿ ಐದು ಜನರ ತಂಡವಂತೆ, ಯಾರು ಎಲ್ಲಿ ಹೋಗಬೇಕೆಂದು ಕೂಗಿ ಹೇಳುವವಳು ಇವಳೇ ಅಂತೆ. "ಹಾಂಗಾರೆ ನೀನ್ ತಾಂಡೇಲ" ಎಂದ ಅಪ್ಪನ ಎದೆ ಎರಡು ಗೇಣು ಅಗಲವಾಯಿತು. ಅವನು ಸಮುದ್ರದಲ್ಲಿರುವಾಗ ದಿನಕ್ಕೆ ನಾಲ್ಕು ಸಲ ಅವಳು ಮೊಬೈಲಿನಲ್ಲಿ ಗಾಳಿಯ ವೇಗ ನೋಡುತ್ತಾಳೆಂಬುದೂ ಆಗಲೇ ಗೊತ್ತಾಯಿತು. ಅದನ್ನು ಕೇಳಿ ಅವನು ಸುಮ್ಮನೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಮಧ್ಯೆ ಮಧ್ಯೆ ಅವಳು ಏನಾದರೊಂದು ಕೇಳುವಳು. ಕಾಲೇಜಿಗೆ ಹೋಗಲು ಸ್ಕೂಟಿ ತೆಗೆಸಿಕೊಡುವಿರಾ? ಅಕ್ಕ್, ಆಗಬಹುದು. ಕೂದಲು ಗಿಡ್ಡ ಮಾಡಿಸಲೇ? ಅಕ್ಕ್. ಅಮ್ಮನಿಗೆ ಹೊಸ ಮಿಕ್ಸಿ? ಅಕ್ಕ್. ಒಣಮೀನಿಗೆ ಹಿಂದೆ ಬೇರೆ ಶೆಡ್ಡು? ಅದಕ್ಕೂ ಅಕ್ಕ್. ಮಿಕ್ಸಿಗೂ ಶೆಡ್ಡಿಗೂ ಗೇಮಿಗೂ ಏನು ಸಂಬಂಧವೆಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಜುಲೈ ಕೊನೆಯ ವಾರ ಅವಳು ಗಂಭೀರವಾಗಿ ಹೇಳಿದಳು. "ಆಯ್ತಾರ ಮಧ್ಯಾಹ್ನ ನಮ್ ಫೈನಲ್ ಅಪ್ಪಯ್ಯ. ಒಂದೂಕಾಲ್ ಗಂಟಿ. ಮಧ್ಯ ಬಂದ್ ಆರೆ ಐದ್ ಜನ್ರೂ ಸೋತ ಹಾಂಗೆ."

ಆ ಮಾತು ಮುಳ್ಳಿನಂತೆ ಚುಚ್ಚಿತು. ಶುಕ್ರವಾರ ಸಾರು ರುಚಿಸಲಿಲ್ಲ, ಶನಿವಾರ ಅನ್ನವೇ ಇಳಿಯಲಿಲ್ಲ. ತನ್ನ ಬೋಟಿನ ಇಂಜಿನ್ನಿನಲ್ಲಿ ಹುಳುಕಿದೆಯೆಂದು ಗೊತ್ತಿದ್ದೂ ಯಾರಾದರೂ ಬಾಯಿ ಬಿಡದೆ ಇದ್ದಿದ್ದರೆ ಅಂಥವನನ್ನು ರತ್ನಾಕರ ನೀರಿಗೆ ದೂಡುತ್ತಿದ್ದ. ಕೊನೆಗೆ ಉಮಾನಾಥನಿಗೆ ಫೋನು ಮಾಡಿ, ಪೆಟ್ಟಿಗೆಗೆ ನಾಲ್ಕು ತೂತು ಹಾಕಲೇ ಎಂದು ಮೆಲ್ಲಗೆ ಕೇಳಿದ.

"ಮೂವತ್ತ್ ವರ್ಷ ತೂತ್ ಮುಚ್ಚಿ ಉಂಡವ ನಾನ್" ಎಂದ ಉಮಾನಾಥ. "ತೂತ್ ಕೊರುವವ್ರ್ ಜಾತಿಯೇ ಬೇರೆ. ನನ್ಹತ್ರ ಕೇಣ್ಬೇಡಿ ಭಾವ." ಫೋನು ಇಟ್ಟೇಬಿಟ್ಟ.

ಭಾವನ ಮುನಿಸಾದರೂ ಸರಿ, ಮಗಳ ಮುನಿಸಾದರೂ ಸರಿ. ಭಾನುವಾರ ಊಟವಾದದ್ದೇ ರತ್ನಾಕರ ಡ್ರಿಲ್ ಹಿಡಿದು ಅವಳ ಕೋಣೆಯ ಒಳಗೆ ಹೋಗಿ ನಿಂತ.

"ಮಗಾ, ಒಂದ್ ಮಾತ್ ಹೇಳುಕಿತ್. ಈ ಪೆಟ್ಟಿಗಿ ಬಂದ್ ಆಪ್ದ್ ಗಾಳಿ ಇಲ್ದೆ. ನಂಗ್ ಎರಡ್ನೇ ದಿನ್ವೇ ಗೊತ್ತಾಯ್ತ್. ಬೇಕಂದೇ ಹೇಳ್ಲಿಲ್ಲೆ."

"ಎಂತಕೆ?"

"ಅದ್ ಬಂದ್ ಆರೆ ಮಾತ್ರ ನೀನ್ ಹೊರ್ಗ್ ಬತ್ತಿದ್ದೆ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತವನಿಗೆ ಬೈಗುಳ ಬರಲಿಲ್ಲ. "ಅಪ್ಪಯ್ಯ, ಆ ಪೆಟ್ಟಿಗಿ ಒಂಚೂರ್ ತಿರ್ಗ್ಸಿ ಕಾಣಿ" ಎಂದಳು ಪ್ರೇಕ್ಷಾ.

ತಿರುಗಿಸಿದ. ಗೋಡೆಗೆ ಅಂಟಿಕೊಂಡಿದ್ದ ಬೆನ್ನಿನಲ್ಲಿ ಆರಾರರ ನಾಲ್ಕು ಸಾಲು. ಇಪ್ಪತ್ತನಾಲ್ಕು ತೂತುಗಳು, ಒಂದೊಂದರಲ್ಲೂ ಹೆಬ್ಬೆರಳು ಹೋಗುವಷ್ಟು ಅಗಲ, ಅಂಚು ತಿಕ್ಕಿ ನಯ ಮಾಡಿದ್ದು. ತಾಮ್ರದ ಒಂದು ಮೊಳೆಯೂ ಇರಲಿಲ್ಲ.

"ನಾನ್ ಬರ್ದದ್ದೇ ತೂತ್. ಮಾವ ಮೊಳೆ ಅಂದ್ಕಂಡ್ರ್. ಅವ್ರಿಗ್ ಬೇಜಾರ್ ಆತ್ ಅಂದೇಳಿ ಸುಮ್ನಿದ್ದೆ" ಎಂದಳು ಪ್ರೇಕ್ಷಾ.

"ಕೊರ್ದದ್ ಯಾರ್?"

"ನಾನೇ. ನಿಮ್ ಡ್ರಿಲ್ಲಗೇ" ಎಂದಳು ಶರ್ಮಿಳಾ ಬಾಗಿಲಲ್ಲಿ ನಿಂತು. "ನಾಕ್ನೇ ದಿನ. ನೀವ್ ತಲೆಕೂದ್ಲ್ ತೆಗ್ಸುಕೆ ಪ್ಯಾಟಿಗ್ ಹೋಯ್ದ್ರಿ."

ರತ್ನಾಕರನ ಬುದ್ಧಿ ಸ್ವಲ್ಪ ತಡವಾಗಿ ಕೆಲಸ ಮಾಡಿತು. "ಮತ್ತೆ ಮೂರ್ ವಾರ ಕಾಲ್ ಗಂಟಿಗೊಂದ್ ಸಲ ಬಂದ್ ಆತಿದ್ದದ್?"

"ನಾನೇ ಬಂದ್ ಮಾಡ್ತಿದ್ದೆ" ಎಂದಳು ಮಗಳು. "ನೀವ್ ಜಗಲಿಯಗೆ ಬಾಗ್ಲ್ ಕಾಣ್ತಾ ಕೂಕಂಡಿರ್ತಿದ್ರಿ ಅಲ್ದಾ, ಪಾಪ ಕಂಡ್ತ್." ಹೆಡ್‌ಫೋನು ಕೈಗೆತ್ತಿಕೊಂಡು, "ಸ್ಕೂಟಿ ಮಾತ್ರ ನಿಜ ಅಲ್ದಾ ಅಪ್ಪಯ್ಯ?" ಎಂದಳು.

ನೀರಿನ ತಳದ ಮೀನು ಕಾಣುವ ಕಣ್ಣಿಗೆ ಸ್ವಂತ ಮನೆಯ ಪೆಟ್ಟಿಗೆಯ ಇಪ್ಪತ್ತನಾಲ್ಕು ತೂತು ಕಂಡಿರಲಿಲ್ಲ. ಇಪ್ಪತ್ತೆಂಟು ಜನರ ತಾಂಡೇಲನನ್ನು ಹದಿನೇಳರ ಹುಡುಗಿ ಪಾಪ ಎಂದು ಕರೆದು ದಿನಕ್ಕಿಷ್ಟು ಹೊತ್ತು ಮಾತು ಹಾಕಿ ಸಾಕಿದ್ದಳು. ಅವಮಾನವೇ ಆಗಬೇಕಿತ್ತು, ಆದರೆ ಅವನಿಗೆ ಯಾಕೋ ತುಂಬ ಖುಷಿಯಾಯಿತು. "ನಿಜವೇ" ಎಂದ. ಪ್ರೇಕ್ಷಾ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಅಪ್ಪನನ್ನು ಎರಡೂ ಕೈಯಿಂದ ಮೆಲ್ಲಗೆ ಹೊರಗೆ ದೂಡಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅವಳು ನಾಲ್ವರಿಗೆ ಕೂಗಿ ಆಜ್ಞೆ ಕೊಡುವ ದನಿ ಕೇಳಿತು. ಆ ದನಿಯಲ್ಲಿ ಹೆದರಿಕೆ ಒಂಚೂರೂ ಇರಲಿಲ್ಲ.

ಹೊರಗೆ ಶರ್ಮಿಳಾ ಎರಡು ಚೀಲ ಬದಿಗೆ ಸರಿಸಿ, ಗಂಡನ ಕುರ್ಚಿಯ ಎದುರಿಗೆ ತಾನೊಂದು ಮಣೆ ಎಳೆದುಕೊಂಡಳು.

"ಕೂಕಣಿ" ಎಂದಳು.

"ಎಂತಕೆ?"

"ಮಗ್ಳಿಗ್ ಮೂರ್ ವಾರ ಕೊಟ್ರಿ. ನಂಗೂ ಮಾತಾಡುಕಿತ್. ಇಪ್ಪತ್ತ್ ವರ್ಷ ಆಯ್ತ್, ನೀವ್ ನೀರ್ ಮೇಲೆ ಇದ್ರಿ, ಇಲ್ದಿರೆ ಕುರ್ಚಿ ಮೇಲೆ ಇದ್ರಿ. ನಿಮ್ಹತ್ರ ನಾನ್ ಹೇಳಿದ್ದೆಲ್ಲ 'ಕಾಲ್ ಎತ್ತಿ' ಅಂದೇಳಿ ಮಾತ್ರ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅದೇ ಅವನಿಗೆ ಹೆಚ್ಚು ತಾಗಿತು. ಮನೆಯಲ್ಲಿ ತನ್ನ ಮಾತಿಗಾಗಿ ಕಾದವರು ಇನ್ನೊಬ್ಬರಿದ್ದರೆಂಬುದು ಅವನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವನು ಡ್ರಿಲ್ಲನ್ನು ಕೆಳಗಿಟ್ಟು, ಯಾರೂ ಹೇಳದೆಯೇ ಕಾಲು ಮಡಚಿ ಕುಳಿತ.

"ಎಲ್ಲಿಂದ ಸುರು ಮಾಡ್ತೆ?" ಎಂದು ಮೆಲ್ಲಗೆ ಕೇಳಿದ.

"ಮದಿ ದಿನದಿಂದ" ಎಂದಳು ಶರ್ಮಿಳಾ.

ಒಳಗಿನ ಆಟ ಒಂದೂಕಾಲು ಗಂಟೆಗೆ ಸರಿಯಾಗಿ ಮುಗಿಯಿತು. ಪ್ರೇಕ್ಷಾ ಗೆದ್ದ ಸುದ್ದಿ ಹೇಳಲು ಓಡಿ ಹೊರಗೆ ಬಂದಾಗ, ಹೊರಗಿನ ಮಾತು ಇನ್ನೂ ಮದುವೆಯ ಊಟದಲ್ಲಿ ಗಂಡಿನ ಕಡೆಯವರು ಪಾಯಸ ಸಾಲದೆಂದು ಗಲಾಟೆ ಮಾಡಿದಲ್ಲಿಗೆ ಬಂದಿತ್ತು.